ಸತ್ಯಾಂಶ: ಟೆಕ್ ಷೇರು ಕೊಂಡು ಮರೆತರೆ ಸಾಕೇ?

ಗೆದ್ದ ಒಂದು ಕಂಪನಿಯ ಲಾಭದ ಲೆಕ್ಕವನ್ನು ಮುಂದಿಟ್ಟು, ಹೆಸರಾಂತ ತಂತ್ರಜ್ಞಾನ ಕಂಪನಿಯ ಷೇರನ್ನು ಕೊಂಡು ಮರೆತುಬಿಟ್ಟರೆ ನಷ್ಟವೇ ಆಗದು ಎನ್ನುವ ಸಂದೇಶ ಮತ್ತೆ ಮತ್ತೆ ಹರಿದಾಡುತ್ತಿದೆ. ಹಂಚುವವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಮಾತು ಸರಿಯಲ್ಲ. ಪದೇ ಪದೇ ಕೊಂಡು ಮಾರುವವರ ಲಾಭವನ್ನು ದಲ್ಲಾಳಿ ಶುಲ್ಕ ಮತ್ತು ತೆರಿಗೆ ಕೊರೆಯುವುದರಿಂದ ದೀರ್ಘಾವಧಿಯ ಹೂಡಿಕೆಗೆ ಅನುಕೂಲವಿದೆ, ಅನುಕೂಲವೆಂದರೆ ಖಾತರಿಯಲ್ಲ. ತಂತ್ರಜ್ಞಾನ ಷೇರುಗಳೇ ಹೆಚ್ಚಾಗಿರುವ ಅಮೆರಿಕದ ನಾಸ್ಡಾಕ್ ಕಾಂಪೋಸಿಟ್ ಸೂಚ್ಯಂಕವು 2000ದ ಮಾರ್ಚ್‌ನಲ್ಲಿ 5,000 ದಾಟಿ, 2002ರ ಅಕ್ಟೋಬರ್ ವೇಳೆಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಹಳೆಯ ಎತ್ತರವನ್ನು ಮೀರಲು 2015ರವರೆಗೆ ಕಾಯಬೇಕಾಯಿತು. ಅದೂ ಹಲವು ಕಂಪನಿಗಳ ಷೇರು ಬೆಲೆಯನ್ನು ಒಟ್ಟಾಗಿ ಅಳೆಯುವ ಸೂಚ್ಯಂಕದ ಕಥೆ. ಮುಚ್ಚಿಹೋದ ಕಂಪನಿಗಳ ಷೇರು ಹಿಡಿದವರಿಗೆ ಕಾಯುವುದರಿಂದ ಪ್ರಯೋಜನವಾಗಲಿಲ್ಲ. ಸಂದೇಶದಲ್ಲಿರುವ ಗೆದ್ದ ಕಂಪನಿಯೊಂದಿಗೆ ಅದೇ ಕಾಲದ ಇತರ ಕಂಪನಿಗಳು ಏನಾದವೆಂದು ಷೇರುಪೇಟೆಯ ಹಳೆಯ ದರಪಟ್ಟಿಯಲ್ಲಿ ನೋಡಿ, ಲೆಕ್ಕದ ಆರಂಭದ ದಿನಾಂಕವನ್ನು ಒಂದೆರಡು ವರ್ಷ ಹಿಂದುಮುಂದೆ ಸರಿಸಿದರೆ ಫಲಿತಾಂಶ ಎಷ್ಟು ಬದಲಾಗುತ್ತದೆಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.