ಟಿಡಿಎಸ್ ಮೀಟರ್‌ಗೆ ಫ್ಲೋರೈಡ್ ಕಾಣದು

‘ಪಾವಗಡದ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಟಿಡಿಎಸ್ 500ರ ಒಳಗಿದೆ, ಹಾಗಾಗಿ ನೀರು ಸುರಕ್ಷಿತ’ ಎಂಬ ಲೇಖನದ ಮಾತು ಒಪ್ಪುವಂಥದ್ದಲ್ಲ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ. ಅದರ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಅದರಲ್ಲಿ ಫ್ಲೋರೈಡ್ ಪಾಲೆಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬೋರ್‌ವೆಲ್ ನೀರಿನ ಟಿಡಿಎಸ್ 1,000, ಫ್ಲೋರೈಡ್ ಲೀಟರಿಗೆ 3.5 ಮಿ.ಗ್ರಾಂ ಎಂದಿಟ್ಟುಕೊಳ್ಳಿ. ಘಟಕದಲ್ಲಿ ನೀರು ಸೋಸುವ ಪೊರೆ (ಮೆಂಬ್ರೇನ್) ಸವೆದು ಅರ್ಧದಷ್ಟು ಲವಣ ಮಾತ್ರ ತಡೆದರೂ ಮೀಟರ್ 500 ತೋರಿಸುತ್ತದೆ, ಫ್ಲೋರೈಡ್ ಮಾತ್ರ 1.7ರ ಆಸುಪಾಸು! ಗರಿಷ್ಠ ಮಿತಿಯೇ 1.5. ರುಚಿ ಬರಲೆಂದು ಬೈಪಾಸ್ ವಾಲ್ವ್ ತೆರೆದು ಸೋಸದ ಬೋರ್ ನೀರು ಬೆರೆಸಿದರೂ ಇದೇ ಕಥೆ.

ಸುಣ್ಣ ಕಟ್ಟದಂತೆ ನೀರಿಗೆ ಸೇರಿಸುವ ಆಂಟಿಸ್ಕೇಲೆಂಟ್ ದ್ರಾವಣದ ಕ್ಯಾನ್ ಖಾಲಿಯಾದರೂ ಮೋಟರ್ ಓಡಿಸುತ್ತಲೇ ಇರುತ್ತಾರೆ. ನಮ್ಮ ಕಡೆಯ ಗಡಸು ನೀರಿಗೆ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟದೆ ಇನ್ನೇನಾದೀತು? ಗೋಡೆಗೆ ಟಿಡಿಎಸ್ ಬೋರ್ಡ್ ಹಾಕುವ ಬದಲು ತಿಂಗಳಿಗೊಮ್ಮೆ ಸ್ಥಳದಲ್ಲೇ ನೀರು ಪರೀಕ್ಷಿಸುವ ಫೀಲ್ಡ್ ಕಿಟ್‌ನ ಜಿರ್ಕೋನಿಯಂ ದ್ರಾವಣ ಹಾಕಿ ನೋಡಲಿ: ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು.

ಇನ್ನೊಂದು, ಘಟಕದಿಂದ ತಂದ ಕ್ಯಾನ್ ನೀರನ್ನು ಜನ ಕುಡಿಯಲಷ್ಟೇ ಬಳಸುತ್ತಾರೆ. ಮುದ್ದೆಗೂ ಸಾರಿಗೂ ಫ್ಲೋರೈಡ್ ಇರುವ ನಲ್ಲಿ ನೀರೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.