ಲೇಸು ಕಟ್ಟುವವನ ಮ್ಯೂಸಿಯಂ ಯಾತ್ರೆ

"ಅಪ್ಪಾ, ಚಪ್ಪಲಿ ಹಾಕ್ಕೊಳ್ಳಿ" ಅಂತ ಮಗಳು ಹೊರಡುವಾಗಲೇ ಹೇಳಿದ್ದಳು. ಜಪಾನಿಗೆ ಬರಲೆಂದೇ ಕೊಂಡ ಶೂ, ಹಾಕದಿದ್ದರೆ ದುಡ್ಡು ದಂಡವಲ್ಲವೇ? ಲೇಸು ಬಿಗಿದು ಹೊರಟೆ.

ಟೋಕಿಯೋದ ಪಶ್ಚಿಮಕ್ಕೆ ಕೊಗಾನೆಯಿ ಪಾರ್ಕು. 1993ರಲ್ಲಿ ತೆರೆದ ಅಲ್ಲಿಯ ಬಯಲು ಮ್ಯೂಸಿಯಂನಲ್ಲಿ, ಬೇರೆ ಬೇರೆ ಕಡೆಯಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ ಸುಮಾರು 30 ಹಳೆಯ ಕಟ್ಟಡಗಳು ಒಟ್ಟಿಗೆ ನಿಂತಿವೆ. ಹೊರಗಿಂದ ನೋಡಿ ಮುಂದೆ ಹೋಗುವ ಹಾಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಒಳಗೆ ಬಿಡುತ್ತಾರೆ! ಬಿಡುತ್ತಾರೆಂದರೆ ಬಗ್ಗಬೇಕು, ಗಂಟು ಬಿಚ್ಚಬೇಕು, ಮೆಟ್ಟಿಲು ಹತ್ತಬೇಕು, ನಾಲ್ಕು ನಿಮಿಷ ತಲೆದೂಗಬೇಕು, ಇಳಿದು ಮತ್ತೆ ಬಗ್ಗಬೇಕು. ನಾನು ಬಿಟ್ಟ ಶೂಗಳನ್ನು ಮಗಳು ಪ್ರತಿ ಸಲವೂ ಮೂತಿ ಬಾಗಿಲ ಕಡೆಗೆ ಬರುವಂತೆ ತಿರುಗಿಸಿಡುತ್ತಿದ್ದಳು. ಅದು ಅಲ್ಲಿಯ ಮರ್ಯಾದೆಯಂತೆ. ನನಗೇನೋ ಬೇಗ ಹೊರಡಿ ಎಂದ ಹಾಗೇ ಕೇಳಿಸಿತು.

ಹುಲ್ಲು ಹೊದಿಸಿದ ರೈತರ ಮನೆಯಲ್ಲಿ ಎಡಗಾಲಿನ ಕಾಲುಚೀಲ ಕೈಕೊಟ್ಟಿತು. ಹೆಬ್ಬೆರಳು ಪೂರ್ತಿ ಹೊರಗೆ. ನೆಲದ ಒಲೆಯ ಪಕ್ಕ ಕೂತಿದ್ದ ಸ್ವಯಂಸೇವಕ ಅಜ್ಜ ಅದನ್ನೊಮ್ಮೆ ನೋಡಿ, ಬಹಳ ಸೌಜನ್ಯದಿಂದ ದೃಷ್ಟಿಯನ್ನು ಬೆಂಕಿಯ ಕಡೆ ಹೊರಳಿಸಿದರು. ನೋಡಿ ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಬೆರಳು ಮುಚ್ಚಿಕೊಳ್ಳಲೆಂದೇ ಚಕ್ಕಳಮಕ್ಕಳ ಹಾಕಿ ಕೂತೆ. ಕೂತವನನ್ನು ಆಸಕ್ತನೆಂದು ತಿಳಿದು ಅಜ್ಜ ಶುರುಮಾಡಿದರು: ಈ ಹೊಗೆ ಏರಿ ಸೂರಿನ ಹುಲ್ಲಿಗೆ ಹುಳು ಬೀಳದಂತೆ ಕಾಯುತ್ತದೆ, ಅದಕ್ಕೇ ಬೆಂಕಿ ಹಾಕುವುದು. ಮಗಳು ಅನುವಾದಿಸಿದಳು. ಅಜ್ಜಿಯ ಅಡುಗೆಮನೆ ನೆನಪಾಯಿತು ಎಂದು ಬರೆಯಬೇಕಾದ ಜಾಗ ಇದು. ನೆನಪಾಗಲಿಲ್ಲ, ಕಣ್ಣುರಿಯಿತು. ಇಪ್ಪತ್ತು ನಿಮಿಷ ಕಾಲು ಜೋಮು ಹಿಡಿಸಿಕೊಂಡು, ಹುಳುವಿನ ಸ್ಥಾನದಲ್ಲಿ ಕೂತಿದ್ದೆ.

ಹಣಕಾಸು ಮಂತ್ರಿ ತಕಹಾಶಿ ಕೊರೆಕಿಯೊ ಅವರ ಮನೆಗೆ ಹೋದಾಗಲಾದರೂ ಗಂಭೀರವಾಗಿರಬೇಕೆಂದುಕೊಂಡೆ. 1936ರ ಫೆಬ್ರವರಿ 26ರಂದು ದಂಗೆಯೆದ್ದ ಸೈನಿಕರು 81ರ ಆ ಮುದುಕನನ್ನು ಇದೇ ಮಹಡಿಯಲ್ಲಿ ಕೊಂದರು. ಆಮೇಲೆ ಮನೆಯನ್ನು ಬಿಚ್ಚಿ, ಅವರನ್ನು ಮಣ್ಣು ಮಾಡಿದ್ದ ತಾಮಾ ಸ್ಮಶಾನಕ್ಕೆ ಸಾಗಿಸಿದರು. ಒಡೆಯನ ಹಿಂದೆಯೇ ಸ್ಮಶಾನಕ್ಕೆ ಹೋದ ಮನೆ ಅಲ್ಲಿಂದ ಎದ್ದು ಇಲ್ಲಿಗೆ ಬಂದಿದೆ! ಆ ಕೋಣೆಯಲ್ಲಿ ನಿಂತು ನನಗೆ ಬಂದ ಯೋಚನೆ ಒಂದೇ. ಬಂದೂಕು ಹಿಡಿದು ನುಗ್ಗಿದವರು ಬೂಟು ಬಿಚ್ಚಿರಲಿಕ್ಕಿಲ್ಲ.

1929ರ ಸಾರ್ವಜನಿಕ ಸ್ನಾನದ ಮನೆಯೂ ಇತ್ತು. ಗೋಡೆಯ ತುಂಬ ಫ್ಯೂಜಿ ಪರ್ವತ, ತೊಟ್ಟಿಯಲ್ಲಿ ಹನಿ ನೀರಿಲ್ಲ. ಆಗಲೇ ನನಗೆ ಅತ್ಯಂತ ಅಗತ್ಯವಾಗಿದ್ದದ್ದು ಕಾಲಿಗೆ ಬಿಸಿನೀರು.

"ಹೇಗಿದೆ ಅಪ್ಪಾ?" ಎಂದಳು ಮಗಳು. ಬುಡ ಸಮೇತ ಬೇರೆಡೆ ಬಂದ ಮನೆ ಇನ್ನೂ ಅದೇ ಮನೆಯೇ ಎಂಬ ಬಗ್ಗೆ ಏನೋ ಒಂದು ದೊಡ್ಡ ಮಾತು ಬಾಯಿಗೆ ಬರುವುದರಲ್ಲಿತ್ತು. ಅಷ್ಟರಲ್ಲಿ ಮುಂದಿನ ಹೊಸ್ತಿಲು ಬಂತು. ಬಗ್ಗಿದೆ.