ಒಂದು ಇಂಚು ಐದು ಸೆಂಟು

ವಾರಕ್ಕೆ ಒಬ್ಬರಾದರೂ ಇನ್‌ಬಾಕ್ಸಿಗೆ ಬಂದು ಕೇಳುತ್ತಾರೆ. "ಮೇಡಂ, ನೀವು ಮ್ಯಾಥ್ಸ್ ಟೀಚರ್ ಆಗಿದ್ದವರು ಅಲ್ವಾ, ಈ ಲರ್ನಿಂಗ್ ಡಿಸೈನ್‌ಗೆ ಹೇಗೆ ಹೋದ್ರಿ? ಯಾವ ಕೋರ್ಸ್ ಮಾಡ್ಬೇಕು? ಯಾವ ಸಾಫ್ಟ್‌ವೇರ್ ಕಲೀಬೇಕು?" ಲರ್ನಿಂಗ್ ಡಿಸೈನ್ ಅಂದರೆ ಆ್ಯಪ್‌ನಲ್ಲೋ ಆನ್‌ಲೈನ್‌ನಲ್ಲೋ ಕಲಿಯುವ ಪಾಠಗಳನ್ನು ರೂಪಿಸುವ ಕೆಲಸ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಟೈಪ್ ಮಾಡಿ ಸುಸ್ತಾಗಿದೆ. ಇಲ್ಲೇ ಒಂದು ಸಲ ಬರೆದು ಹಾಕುತ್ತೇನೆ. ಹೊರಗೆ ಮಳೆ ಹಿಡಿದಿದೆ, ಕರೆಂಟ್ ಹೋಗಿ ಆಗಲೇ ಎರಡು ಗಂಟೆ ಆಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಬರೆಯುತ್ತೇನೆ.

ಕೊಡಗಿನ ನಾಪೋಕ್ಲು ಕಡೆಯ ಒಂದು ಹೈಸ್ಕೂಲಿನಲ್ಲಿ 14 ವರ್ಷ ಗಣಿತ ಕಲಿಸಿದೆ. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಮನೆಮಾತಿನ ಮಕ್ಕಳು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ, ಮಕ್ಕಳು ಕ್ಲಾಸಿಗೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ನಾನು ಬೋರ್ಡ್ ಮುಂದೆ ನಿಂತು ಎಷ್ಟು ಚೆನ್ನಾಗಿ ವಿವರಿಸಿದರೂ ಅರ್ಧ ಕ್ಲಾಸಿಗೆ ಅದು ಗಾಳಿಮಾತು. ಹಾಗಾಗಿ ನಾನು ಮಾತಿಗಿಂತ ಅವರ ಪುಸ್ತಕಗಳನ್ನು ಜಾಸ್ತಿ ನೋಡತೊಡಗಿದೆ. ಸರಿ ಉತ್ತರಗಳನ್ನಲ್ಲ, ತಪ್ಪುಗಳನ್ನು.

ಎಂಟನೇ ಕ್ಲಾಸಿನ ಒಬ್ಬ ಹುಡುಗ 52ರಿಂದ 38 ಕಳೆದು 26 ಬರೆದಿದ್ದ. ಕೆಂಪು ಗೀಟು ಎಳೆದು ಮುಂದೆ ಹೋಗಬಹುದಿತ್ತು. ಮುಂದಿನ ಲೆಕ್ಕ ನೋಡಿದೆ, ಅಲ್ಲೂ ಅದೇ ಜಾಡು. ಎಂಟರಲ್ಲಿ ಎರಡು ಹೋದರೆ ಆರು, ಐದರಲ್ಲಿ ಮೂರು ಹೋದರೆ ಎರಡು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ಒಂದನೇ ಕ್ಲಾಸಿನಲ್ಲಿ ನಾವೇ ಹೇಳಿಕೊಟ್ಟಿದ್ದು. ಪಾಪ, ಅವನು ಏಳು ವರ್ಷದಿಂದ ನಿಯತ್ತಾಗಿ ಅದನ್ನೇ ಮಾಡುತ್ತಿದ್ದ.

ಅವತ್ತು ಒಂದು ಹಳೇ ಲೆಡ್ಜರಿನಲ್ಲಿ ಆ ತಪ್ಪನ್ನು ಬರೆದಿಟ್ಟೆ. ಎಡಗಡೆ ತಪ್ಪು ಉತ್ತರ, ಬಲಗಡೆ ಅದು ಬಂದ ದಾರಿ. ಅಷ್ಟೇ. ನಾನು ಬೇರೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಅಂಥ ಮೂರು ಲೆಡ್ಜರ್ ತುಂಬಿದ್ದವು. ನನ್ನ ಬಂಡವಾಳ ಅಂತ ಇದ್ದದ್ದು ಅದೊಂದೇ.

ಟೆಕ್ನಾಲಜಿ ನನ್ನ ಹತ್ತಿರ ಬಂದದ್ದು ಬಹಳ ಸಾದಾ ರೀತಿಯಲ್ಲಿ. ಕೂಡಿಗೆಯ ಡಯಟ್‌ಗೆ, ಅಂದರೆ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಗೆ, ತರಬೇತಿಗೆ ಹೋಗಿದ್ದಾಗ ಇನ್ನೊಬ್ಬ ಟೀಚರ್ ಜಿಯೋಜಿಬ್ರಾ ತೋರಿಸಿದರು. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶುರು ಮಾಡಿದ ತಂತ್ರಾಂಶ ಅದು, ಪುಕ್ಕಟೆ ಸಿಗುತ್ತದೆ. ತ್ರಿಭುಜದ ಮೂಲೆ ಹಿಡಿದು ಎಳೆದರೆ ಮೂರೂ ಕೋನ ಬದಲಾಗುತ್ತವೆ, ಮೊತ್ತ ಮಾತ್ರ 180ರಲ್ಲೇ ನಿಂತಿರುತ್ತದೆ. ನಮ್ಮ ಮಕ್ಕಳು ಅದನ್ನು ಕೆಡಿಸಲೇಬೇಕು ಅಂತ ಹಠ ಹಿಡಿದು ಒಂದು ಪೂರ್ತಿ ಪೀರಿಯಡ್ ಎಳೆದಾಡಿದರು. ಪ್ರಮೇಯ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ.

ಆಮೇಲೆ 2018ರ ಆಗಸ್ಟ್. ಗುಡ್ಡಗಳು ಕುಸಿದ ಆ ದಿನಗಳ ಬಗ್ಗೆ ಈಗ ಬೇಡ. ಮಕ್ಕಳಿಗೆ ವಾಟ್ಸಾಪಿನಲ್ಲಿ ಲೆಕ್ಕ ಕಳಿಸುವುದನ್ನು ನಾನು ಕಲಿತದ್ದು ಆಗ, ಅಷ್ಟು ಸಾಕು. 2020ರಲ್ಲಿ ಅದೇ ಚಟ ಉಪಯೋಗಕ್ಕೆ ಬಂತು. ಮೊದಲು 40 ನಿಮಿಷದ ವಿಡಿಯೋ ಮಾಡಿದೆ. ಯಾರೂ ನೋಡಲಿಲ್ಲ. ನೆಟ್‌ವರ್ಕಿಗಾಗಿ ಗುಡ್ಡ ಹತ್ತಿ ನಿಂತ ಮಗು 40 ನಿಮಿಷ ನನ್ನ ಮುಖ ಯಾಕೆ ನೋಡಬೇಕು? ಮೂರು ನಿಮಿಷಕ್ಕೆ ಇಳಿಸಿದೆ. ಕೊನೆಗೆ ವಿಡಿಯೋನೇ ಬಿಟ್ಟು ಒಂದು ಲೆಕ್ಕ ಕಳಿಸಿ, "ಉತ್ತರ ಬೇಡ, ಹೇಗೆ ಮಾಡಿದಿರಿ ಅಂತ ವಾಯ್ಸ್ ನೋಟ್ ಹಾಕಿ" ಅಂದೆ. ಹಿಂದೆ ಕೋಳಿ ಕೂಗು, ಕುಕ್ಕರ್ ಸೀಟಿ, ಮಧ್ಯೆ ಮಗುವಿನ ದನಿ. ಕ್ಲಾಸಿನಲ್ಲಿ ವರ್ಷವಿಡೀ ಬಾಯಿ ಬಿಡದವರೂ ಮಾತಾಡಿದರು. ನನ್ನ ಲೆಡ್ಜರ್ ಅಷ್ಟು ಬೇಗ ತುಂಬಿದ್ದು ಇನ್ಯಾವತ್ತೂ ಇಲ್ಲ.

ಲರ್ನಿಂಗ್ ಡಿಸೈನ್ ಅಂದರೆ ಇದೇ ಅಂತ ಆಗ ಗೊತ್ತಿರಲಿಲ್ಲ. ಆನ್‌ಲೈನ್ ಕೋರ್ಸ್ ಒಂದನ್ನು ಮಾಡಿದೆ. ಎಲ್ಲರೂ ಹೇಳಿಕೊಡುವ ಆಡಿ ಮಾದರಿ ಕಲಿತೆ. ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ. 1975ರಲ್ಲಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೇನೆಯ ತರಬೇತಿಗೆ ಅಂತ ಮಾಡಿದ್ದು ಅದು. ನಮ್ಮ ಏಳನೇ ಕ್ಲಾಸಿನ ದಶಮಾಂಶದ ತನಕ ನಡೆದು ಬಂದಿದೆ! ಮೂಡಲ್, ಎಚ್‌ಫೈವ್‌ಪಿಯಂಥ ಆನ್‌ಲೈನ್ ಪಾಠ ಕಟ್ಟುವ ಸಾಫ್ಟ್‌ವೇರ್ ಇವೆಲ್ಲ ಕೂತರೆ ಮೂರು ವಾರದಲ್ಲಿ ಬರುತ್ತವೆ, ಅದಕ್ಕೆ ಹೆದರಬೇಡಿ. ಶಾಲೆ ಬಿಟ್ಟಾಗ "ಅಂತೂ ಪಾರಾದೆ ನೋಡು" ಅಂದವರಿದ್ದಾರೆ. ಸಂಬಳ ಸ್ವಲ್ಪ ಜಾಸ್ತಿ ಆಯಿತು, ಸುಳ್ಳು ಹೇಳಲ್ಲ. ಆದರೆ ಪಾರಾದದ್ದು ಯಾವುದರಿಂದ ಅಂತ ನನಗಿನ್ನೂ ಅರ್ಥವಾಗಿಲ್ಲ.

ನಾನು ಸೇರಿದ ಕಂಪನಿಯಲ್ಲಿ ಮೊದಲ ವಾರವೇ ಜಗಳ. ಅಲ್ಲಿನ ಆ್ಯಪಿನಲ್ಲಿ ಒಂದು ಪ್ರಶ್ನೆ ಇತ್ತು: 0.3ಕ್ಕೆ 0.12 ಕೂಡಿಸಿದರೆ ಎಷ್ಟು? ಆಯ್ಕೆಗಳು 0.42, 0.43, 0.52, 0.62. ತಪ್ಪು ಆಯ್ಕೆಗಳಿಗೆ ಅಲ್ಲಿ ಡಿಸ್ಟ್ರ್ಯಾಕ್ಟರ್ ಅನ್ನುತ್ತಾರೆ. ಯಾರೋ ಸುಮ್ನೆ ಸರಿ ಉತ್ತರದ ಅಕ್ಕಪಕ್ಕದ ಅಂಕಿ ಹಾಕಿಟ್ಟಿದ್ದರು. ಕ್ಲಾಸಿನಲ್ಲಿ ಒಂದು ವಾರ ನಿಂತವರಿಗೂ ಗೊತ್ತು, ಈ ಲೆಕ್ಕಕ್ಕೆ ಮಕ್ಕಳು ಬರೆಯುವ ತಪ್ಪು 0.15. ಮೂರಕ್ಕೆ ಹನ್ನೆರಡು ಸೇರಿದರೆ ಹದಿನೈದು. ಆ ಮಗು ತನ್ನ ಉತ್ತರ ಎಲ್ಲೂ ಕಾಣದೆ ಏನು ಮಾಡಬೇಕು? ಯಾವುದೋ ಒಂದನ್ನು ಒತ್ತುತ್ತದೆ. ಅದೃಷ್ಟಕ್ಕೆ ಸರಿ ಬಿದ್ದರೆ ಪರದೆ ತುಂಬ ಬಣ್ಣದ ಕಾಗದ ಹಾರುತ್ತದೆ, ಚಪ್ಪಾಳೆ ಕೇಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಗುರುತು ಬೀಳುತ್ತದೆ. ಮಗುವಿನ ತಲೆಯಲ್ಲಿ 0.15 ಹಾಗೇ ಕೂತಿರುತ್ತದೆ.

ಸರಿಯೋ ತಪ್ಪೋ ತಕ್ಷಣ ಹೇಳುವ ಯಂತ್ರವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1954ರಲ್ಲೇ ತೋರಿಸಿದ್ದರು. ಇವತ್ತಿನ ಎಷ್ಟೋ ಆ್ಯಪ್‌ಗಳು ಅದಕ್ಕೆ ಬಣ್ಣ ಬಳಿದು ನಿಂತಿವೆ ಅಂತ ನನ್ನ ಅಭಿಪ್ರಾಯ. ಇನ್ನೊಂದು ದಾರಿಯೂ ಹಳೆಯದೇ. 1978ರಲ್ಲಿ ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 'ಬಗ್ಗಿ' ಎಂಬ ಪ್ರೋಗ್ರಾಂ ಬಗ್ಗೆ ಬರೆದರು. ಅದರಲ್ಲಿ ಕಂಪ್ಯೂಟರೇ ವಿದ್ಯಾರ್ಥಿ. ಅದು ಒಂದು ನಿಯಮ ಹಿಡಿದು ತಪ್ಪು ಮಾಡುತ್ತಾ ಹೋಗುತ್ತದೆ, ಟೀಚರ್ ಲೆಕ್ಕ ಕೊಟ್ಟು ಕೊಟ್ಟು ಆ ನಿಯಮವನ್ನು ಪತ್ತೆ ಹಚ್ಚಬೇಕು. ಅವರು ಪಟ್ಟಿ ಮಾಡಿದ ಕಳೆಯುವ ಲೆಕ್ಕದ ತಪ್ಪುಗಳಲ್ಲಿ ನಮ್ಮ ಹುಡುಗನ 26ರ ದಾರಿಯೂ ಇದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಲ್ಲಿಯ ಅಮೆರಿಕ, ಎಲ್ಲಿಯ ನಾಪೋಕ್ಲು!

ಎರಡನೇ ಜಗಳ ಮಳೆಯದ್ದು. ಕೊಡಗಿನವರಿಗೆ ಇದು ಗೊತ್ತು, ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಮಳೆ ಇನ್ನೂ ಇಂಚಿನಲ್ಲೇ. ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದು ಮಳೆ ಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಒಂದು ಇಂಚಿಗೆ ನೂರು ಸೆಂಟು, ಎಕರೆಗೂ ನೂರು ಸೆಂಟು. "ನಿಮ್ಮಲ್ಲಿ ಎಷ್ಟು ಬಂತು?" ಅಂದರೆ "ಎಂಬತ್ತು ಸೆಂಟು" ಅನ್ನುತ್ತೇವೆ. ಒಮ್ಮೆ ಕ್ಲಾಸಿನಲ್ಲಿ 0.45 ದೊಡ್ಡದೋ 0.5 ದೊಡ್ಡದೋ ಅಂತ ಕೇಳಿದ್ದೆ. ಮುಕ್ಕಾಲು ಪಾಲು ಮಕ್ಕಳು 0.45 ಅಂದರು, ಐದಕ್ಕಿಂತ ನಲವತ್ತೈದು ದೊಡ್ಡದಲ್ವಾ. ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಒಬ್ಬರ ಮಗಳು ಎದ್ದು ನಿಂತು, "ಇಲ್ಲ ಟೀಚರೇ, ಅರ್ಧ ಇಂಚು ಅಂದ್ರೆ ಐವತ್ತು ಸೆಂಟು" ಅಂದಳು. ಇಡೀ ಕ್ಲಾಸ್ ತಲೆಯಾಡಿಸಿತು.

ಅದನ್ನೇ ಪಾಠ ಮಾಡೋಣ ಅಂತ ಕಂಪನಿಯಲ್ಲಿ ಅಂದೆ. ಬೆಂಗಳೂರಿನ ಮಗುವಿಗೆ ಇಂಚು ಮಳೆ ಅರ್ಥವಾಗಲ್ಲ, ಪಿಜ್ಜಾ ಹಾಕಿ ಅಂದರು. ನಾಪೋಕ್ಲಿನ ಮಗುವಿಗೆ ಪಿಜ್ಜಾದ ಎಂಟನೇ ಒಂದು ಭಾಗ ಅರ್ಥವಾಗುತ್ತೆ ಅಂತ ಯಾರು ಹೇಳಿದರು ಅಂದೆ. ಕೊನೆಗೆ ಕೊಡಗಿನ ಕೆಲವೇ ಶಾಲೆಗಳಲ್ಲಿ ನೋಡೋಣ ಅಂತ ಒಪ್ಪಿದರು. ನಾನು ಗೆದ್ದೆ ಅಂದುಕೊಂಡಿದ್ದೆ.

ಫಲಿತಾಂಶ ಬಂತು. 0.45, 0.5ರ ಪ್ರಶ್ನೆಯನ್ನು ಮಕ್ಕಳು ಸಲೀಸಾಗಿ ಮಾಡಿದ್ದರು. ಮುಂದಿನ ಪ್ರಶ್ನೆ: ಒಂದು ಇಂಚು ಐದು ಸೆಂಟು ಮಳೆಯನ್ನು ದಶಮಾಂಶದಲ್ಲಿ ಬರೆಯಿರಿ. ಅರ್ಧಕ್ಕೂ ಹೆಚ್ಚು ಮಕ್ಕಳು 1.5 ಬರೆದಿದ್ದರು. ಬಾಯಲ್ಲಿ ಹೇಳುವಾಗ ಸೊನ್ನೆ ಇಲ್ಲವಲ್ಲ! ನನ್ನ ಮುದ್ದಿನ ಉದಾಹರಣೆಯೇ ಹೊಸ ತಪ್ಪೊಂದನ್ನು ಹೆತ್ತಿತ್ತು. ಮೂರು ಲೆಡ್ಜರಿನಲ್ಲಿ ಎಲ್ಲೂ ಇಲ್ಲದ ತಪ್ಪು. ಪಿಜ್ಜಾದವರು ನಗಲಿಲ್ಲ, ಅದು ಅವರ ದೊಡ್ಡತನ. ಆ ಪಾಠವನ್ನು ಮೊದಲಿನಿಂದ ಕಟ್ಟಿದೆವು. ಈಗ ಅದರಲ್ಲಿ ಮಗು ಪರದೆಯ ಮೇಲಿನ ಗಾಜಿನ ಅಳತೆಗೆ ತಾನೇ ನೀರು ತುಂಬಬೇಕು. ಐದು ಸೆಂಟಿಗೆ ನಿಲ್ಲಿಸಿದರೆ 0.05, ಐವತ್ತಕ್ಕೆ ನಿಲ್ಲಿಸಿದರೆ 0.50. 1.5 ಅಂತ ಬರೆದವರಿಗೆ ಕೆಂಪು ಗುರುತು ಬರುವುದಿಲ್ಲ, ಅವರು ಬರೆದಷ್ಟೇ ನೀರು ಗಾಜಿನಲ್ಲಿ ಏರುತ್ತದೆ. ನೋಡಿ ಅವರೇ "ಅಯ್ಯೋ" ಅನ್ನುತ್ತಾರೆ.

ಹಾಗಾಗಿ ಇನ್‌ಬಾಕ್ಸಿನಲ್ಲಿ ಕೇಳುವ ಟೀಚರ್‌ಗಳೇ, ರಾಜೀನಾಮೆ ಬರೆಯುವ ಮೊದಲು ಒಂದು ಲೆಡ್ಜರ್ ತಗೊಳ್ಳಿ. ಕೋರ್ಸಿನ ಹೆಸರು ಆಮೇಲೆ ಹೇಳುತ್ತೇನೆ.

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಅಪ್ಪನ ಹಳೇ ಮಳೆ ಪುಸ್ತಕಗಳನ್ನು ಕೆಳಗಿಳಿಸಿದೆ. ಒಂದು ಏಪ್ರಿಲ್‌ನ ಹೂಮಳೆಯ, ಅಂದರೆ ಕಾಫಿ ಹೂ ಅರಳಿಸುವ ಮಳೆಯ, ದಿನ 1.5 ಅಂತ ಬರೆದಿತ್ತು. "ಅಪ್ಪ, ಇದು ಒಂದೂವರೆ ಇಂಚೋ, ಒಂದು ಇಂಚು ಐದು ಸೆಂಟೋ?" ಅಂದೆ. ಕನ್ನಡಕ ಹಾಕಿಕೊಂಡು ನೋಡಿದರು. "ಒಂದೂವರೆ ಆಗಿದ್ರೆ ಐವತ್ತು ಅಂತ ಬರೀತಿರ್ಲಿಲ್ವಾ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನು ಕೇಳಿ ತಗೊಂಡು, ಚುಕ್ಕಿಗೂ ಐದಕ್ಕೂ ನಡುವೆ ಒಂದು ಸಣ್ಣ ಸೊನ್ನೆ ತುರುಕಿದರು.